ವಾರಕ್ಕೆರಡು ಸಲ ಪ್ಲಾನ್ ಬದಲಾದರೆ ಅದು ಹೊಂದಾಣಿಕೆಯೇ?

ಪ್ರಶ್ನೆ: ವಸಂತನರಸಾಪುರ ಕೈಗಾರಿಕಾ ಪ್ರದೇಶದ ದೊಡ್ಡ ಕಾರ್ಖಾನೆಯೊಂದರಲ್ಲಿ ಪ್ರಾಜೆಕ್ಟ್ ಮ್ಯಾನೇಜರ್ ಆಗಿದ್ದೇನೆ. ಹೊಸ ಉತ್ಪಾದನಾ ಲೈನ್ ಹಾಕುವ ಕೆಲಸ. ನನ್ನ ಕೈಕೆಳಗೆ ಸುಮಾರು 140 ಜನ, ಅರ್ಧಕ್ಕಿಂತ ಹೆಚ್ಚು ಮಂದಿ ಗುತ್ತಿಗೆಯವರು. ಕಳೆದ ವರ್ಷದಿಂದ ಮುಖ್ಯ ಕಚೇರಿಯವರು 'ಅಡಾಪ್ಟಿವ್ ಮ್ಯಾನೇಜ್‌ಮೆಂಟ್', ಅಂದರೆ ಪರಿಸ್ಥಿತಿಗೆ ಹೊಂದಿಕೊಳ್ಳುತ್ತಾ ಕೆಲಸ ನಡೆಸುವುದು, ಎನ್ನುತ್ತಿದ್ದಾರೆ. ನಮ್ಮಲ್ಲಿ ಅದರ ಅರ್ಥ ವಾರಕ್ಕೆರಡು ಸಲ ಪ್ಲಾನ್ ಬದಲಾಗುವುದು ಅಂತಾಗಿದೆ. ಸೋಮವಾರ ಹಾಕಿದ ಯಂತ್ರದ ಅಡಿಪಾಯವನ್ನು ಗುರುವಾರ ಒಡೆದದ್ದೂ ಇದೆ. ಬಜೆಟ್ ಮಾತ್ರ ಏಪ್ರಿಲ್‌ನಲ್ಲಿ ಬರೆದದ್ದೇ ಕೊನೆ. ಜನ ಬೇಸತ್ತಿದ್ದಾರೆ. ಇಬ್ಬರು ಹಿರಿಯ ಟೆಕ್ನಿಷಿಯನ್‌ಗಳು ರಾಜೀನಾಮೆ ಕೊಟ್ಟಿದ್ದಾರೆ, ಅವರ ನೋಟಿಸ್ ಅವಧಿ ಇನ್ನು ಏಳು ವಾರ. ದೊಡ್ಡ ಸಂಸ್ಥೆಯಲ್ಲಿ ಇದು ನಿಜವಾಗಿ ಆಗುವ ಮಾತೇ? ನಾನು ಎಲ್ಲಿಂದ ಶುರು ಮಾಡಲಿ?
(ಒಬ್ಬ ಓದುಗರು, ತುಮಕೂರು)

ಉತ್ತರ: ಆಗುವ ಮಾತೇ. ಆದರೆ ನಿಮ್ಮಲ್ಲಿ ಈಗ ನಡೆಯುತ್ತಿರುವುದಕ್ಕೆ ಆ ಹೆಸರು ಸಲ್ಲುವುದಿಲ್ಲ. ಯಾರಿಗೆ ಯಾವಾಗ ಏನು ಹೊಳೆಯಿತೋ ಅದರಂತೆ ಪ್ಲಾನ್ ತಿದ್ದುತ್ತಾ ಹೋದರೆ ಹಾಕಿದ ಅಡಿಪಾಯ ಒಡೆಯುತ್ತದೆ, ಜನರ ಮನಸ್ಸೂ ಒಡೆಯುತ್ತದೆ. ಗುರುವಾರ ಆ ಕಾಂಕ್ರೀಟ್ ಒಡೆದವರು ಸೋಮವಾರ ಅದನ್ನು ಹಾಕಿದವರೇ ಇರಬೇಕು. ಅವರಿಗೆ ಏನನ್ನಿಸಿರಬಹುದು ಎಂದು ನಿಮ್ಮ ಪತ್ರ ಓದಿದಾಗಿನಿಂದ ಯೋಚಿಸುತ್ತಿದ್ದೇನೆ.

ಈ ಪದ ಹುಟ್ಟಿದ್ದು ಕಾರ್ಖಾನೆಯಲ್ಲೂ ಅಲ್ಲ, ಸಾಫ್ಟ್‌ವೇರ್ ಕಂಪನಿಯಲ್ಲೂ ಅಲ್ಲ. 1970ರ ದಶಕದಲ್ಲಿ ಕೆನಡಾದ ಪರಿಸರ ವಿಜ್ಞಾನಿಗಳಾದ ಸಿ. ಎಸ್. ಹಾಲಿಂಗ್ ಮತ್ತು ಕಾರ್ಲ್ ವಾಲ್ಟರ್ಸ್ ಇದನ್ನು ರೂಪಿಸಿದರು. ಅವರ ಮುಂದಿದ್ದ ಪ್ರಶ್ನೆ ಕಾಡು ಮತ್ತು ಮೀನುಗಾರಿಕೆಯದು. ಎಷ್ಟು ಮೀನು ಹಿಡಿದರೆ ಮುಂದಿನ ವರ್ಷಕ್ಕೆ ಎಷ್ಟು ಉಳಿಯುತ್ತದೆ ಎಂದು ಯಾರೂ ಖಚಿತವಾಗಿ ಹೇಳಲಾರರು, ಹಾಗೆಂದು ಮೀನು ಹಿಡಿಯುವುದನ್ನು ನಿಲ್ಲಿಸುವಂತೆಯೂ ಇಲ್ಲ. ಆದ್ದರಿಂದ ಪ್ರತಿ ನಿರ್ಧಾರವನ್ನೂ ಒಂದು ಪರೀಕ್ಷೆಯಂತೆ ಮಾಡಿ ಎಂದರು. ಹೀಗೆ ಮಾಡಿದರೆ ಹೀಗಾಗುತ್ತದೆ ಎಂದು ಮೊದಲೇ ಬರೆದಿಡಿ, ಆದದ್ದನ್ನು ಅಳೆಯಿರಿ, ಬರೆದದ್ದಕ್ಕೂ ಆದದ್ದಕ್ಕೂ ನಡುವೆ ಇರುವ ಅಂತರದಿಂದ ಕಲಿತು ಮುಂದಿನ ಹೆಜ್ಜೆ ಇಡಿ. ನಿಮ್ಮ ಮುಖ್ಯ ಕಚೇರಿಯವರು ಬಹುಶಃ ಇದನ್ನು, 2001ರಲ್ಲಿ ಅಮೆರಿಕದ ಯೂಟಾದಲ್ಲಿ ಹದಿನೇಳು ಸಾಫ್ಟ್‌ವೇರ್ ತಜ್ಞರು ಸೇರಿ ಬರೆದ, ಬದಲಾವಣೆಗೆ ಸದಾ ತೆರೆದಿರಿ ಎನ್ನುವ ಅಜೈಲ್ ಘೋಷಣೆಯನ್ನು ಮತ್ತು ತಮ್ಮ ಆತುರವನ್ನು ಒಂದೇ ಚೀಲಕ್ಕೆ ತುಂಬಿದ್ದಾರೆ. ಕನ್ನಡದಲ್ಲಿ ಇನ್ನೊಂದು ತೊಡಕಿದೆ. 'ಹೊಂದಾಣಿಕೆ' ಎಂದರೆ ನಮ್ಮ ಕಿವಿಗೆ 'ರಾಜಿ' ಎಂದೇ ಕೇಳಿಸುತ್ತದೆ. ಇಲ್ಲಿ ರಾಜಿಯ ಮಾತೇ ಇಲ್ಲ.

ನನಗೆ ಈ ವಿಷಯ ಅರ್ಥವಾದದ್ದು ಮ್ಯಾನೇಜ್‌ಮೆಂಟ್ ತರಗತಿಯಲ್ಲಿ ಅಲ್ಲ, ಕೆರೆ ಏರಿಯ ಮೇಲೆ. ತುಮಕೂರು, ಕೋಲಾರ, ಚಿಕ್ಕಬಳ್ಳಾಪುರ, ಈ ಮೂರು ಜಿಲ್ಲೆಗಳಿಗೂ ವರ್ಷಪೂರ್ತಿ ಹರಿಯುವ ಸ್ವಂತದ್ದೊಂದು ನದಿ ಇಲ್ಲ. ಮಳೆ ನಂಬಿದ ಕೆರೆ, ಕೆರೆ ನಂಬಿದ ಗದ್ದೆ. ಮಳೆಗಾಲ ಕಳೆದ ಮೇಲೆ ಊರಿನವರು ಕೂತು ಕೆರೆಗೆ ಎಷ್ಟು ನೀರು ಬಂದಿದೆ ಎಂದು ನೋಡಿ, ಈ ಸಲ ಅಚ್ಚುಕಟ್ಟಿಗೆ ಭತ್ತವೋ ರಾಗಿಯೋ, ಎಷ್ಟು ಗದ್ದೆಗೆ ನೀರು ಎಂದು ತೀರ್ಮಾನಿಸುತ್ತಿದ್ದರು. ಅಲ್ಲಿಂದ ಮುಂದೆ ಕೆರೆಯಿಂದ ಗದ್ದೆಗೆ ನೀರು ಬಿಡುವ ತೂಬು ಎತ್ತುವುದು, ಇಳಿಸುವುದು, ಯಾವ ಗದ್ದೆಗೆ ಎಷ್ಟು ಹೊತ್ತು ಎಂದು ಬಿಡುವುದು ನೀರುಗಂಟಿಯ ಕೆಲಸ. ಎಷ್ಟೇ ದೊಡ್ಡ ಹಿಡುವಳಿಯವರಾದರೂ ತಾವೇ ಹೋಗಿ ತೂಬು ಎತ್ತುವಂತಿರಲಿಲ್ಲ. ನೀರುಗಂಟಿಗಳಲ್ಲಿ ಹೆಚ್ಚಿನವರು ದಲಿತ ಕುಟುಂಬಗಳವರು. ಆ ಕಾಲದ ಊರು ಅವರಿಗೆ ಮಾಡಿದ ಅನ್ಯಾಯವನ್ನು ನಾನು ಮರೆಯುತ್ತಿಲ್ಲ. ಆದರೂ ನೀರಿನ ವಿಷಯದಲ್ಲಿ ದಿನವೂ ನೀರು ನೋಡುವವರ ಮಾತೇ ನಡೆಯಬೇಕು ಎಂಬ ತಿಳಿವಳಿಕೆ ಊರಿಗಿತ್ತು.

ಈ ವ್ಯವಸ್ಥೆಯಲ್ಲಿ ನೀರು ತಡೆದು ನಿಲ್ಲಿಸುವ ಏರಿ ಇದೆ, ತೂಬು ಇದೆ, ಹೆಚ್ಚಾದ ನೀರು ಹೊರಹೋಗುವ ಕೋಡಿ ಇದೆ. ಏರಿಯನ್ನು ಯಾರೂ ಮುಟ್ಟುವುದಿಲ್ಲ. ತೂಬು ದಿನವೂ ಏರಿಳಿಯುತ್ತದೆ. ಕೋಡಿಯನ್ನು ಮಾತ್ರ ಮಳೆಗೆ ಬಹಳ ಮುಂಚೆ ಕಲ್ಲಿನಲ್ಲಿ ಕಟ್ಟಿರುತ್ತಾರೆ. ನೀರು ಇಷ್ಟು ಮಟ್ಟ ಮುಟ್ಟಿದರೆ ತಾನಾಗಿ ಹೊರಗೆ ಹರಿಯಬೇಕು. ಮಳೆ ಹೊಯ್ಯುವ ನಡುರಾತ್ರಿ ಯಾರೂ ಸಭೆ ಸೇರಿ 'ಈಗ ಏನು ಮಾಡೋಣ' ಎಂದು ಕೇಳಬೇಕಾಗಿಲ್ಲ.

ನಿಮ್ಮ ಪ್ರಾಜೆಕ್ಟಿನಲ್ಲಿ ಏರಿ ಯಾವುದು, ತೂಬು ಯಾವುದು ಎಂದು ಯಾರೂ ಹೇಳಿದಂತಿಲ್ಲ. ಕೋಡಿಯನ್ನಂತೂ ಕಟ್ಟಿಯೇ ಇಲ್ಲ. ಹಾಗಾಗಿ ನೀರು ಏರಿದಾಗಲೆಲ್ಲ ಯಾರೋ ಒಬ್ಬರು ಏರಿಯನ್ನೇ ಒಡೆಯುತ್ತಿದ್ದಾರೆ.

ಏರಿಯಿಂದ ಶುರು ಮಾಡಿ. ವಿದ್ಯುತ್ ಸುರಕ್ಷತೆ, ಎತ್ತರದಲ್ಲಿ ಕೆಲಸ ಮಾಡುವ ನಿಯಮ, ಗುತ್ತಿಗೆ ಕಾರ್ಮಿಕರ ಪಿಎಫ್, ಇಎಸ್‌ಐ ಮತ್ತು ಸಂಬಳದ ದಿನ, ಗ್ರಾಹಕರಿಗೆ ಬರೆದುಕೊಟ್ಟ ಗುಣಮಟ್ಟ. ಇವು ಎಂದಿಗೂ ಹೊಂದಾಣಿಕೆಗೆ ಒಳಪಡುವುದಿಲ್ಲ. 'ಪರಿಸ್ಥಿತಿ ಬದಲಾಗಿದೆ' ಎನ್ನುತ್ತಾ ಈ ಪಟ್ಟಿಯಲ್ಲಿ ಒಂದನ್ನು ಸಡಿಲಿಸಿದರೂ ಉಳಿದದ್ದಕ್ಕೆ ಬೆಲೆ ಇರುವುದಿಲ್ಲ. ಪಟ್ಟಿ ಚಿಕ್ಕದಾಗಿರಲಿ, ಕನ್ನಡದಲ್ಲಿರಲಿ, ಕ್ಯಾಂಟೀನ್ ಗೋಡೆಯ ಮೇಲಿರಲಿ.

ಇನ್ನು ತೂಬು. ಉತ್ಪಾದನಾ ಯೋಜನೆ ಮಾಡುವವರು 'ಫ್ರೋಜನ್ ಪಿರಿಯಡ್' ಎಂದು ಒಂದು ಅವಧಿ ಇಟ್ಟುಕೊಳ್ಳುತ್ತಾರೆ, ನಿಮಗೆ ಗೊತ್ತಿರುತ್ತದೆ. ಮುಂದಿನ ಇಷ್ಟು ದಿನದ ವೇಳಾಪಟ್ಟಿಯನ್ನು ಮುಟ್ಟುವ ಹಾಗಿಲ್ಲ, ಅದರಾಚೆಯದನ್ನು ತಿದ್ದಬಹುದು. ಪ್ರಾಜೆಕ್ಟಿಗೂ ಅದನ್ನೇ ತನ್ನಿ. ನಿಮ್ಮಂಥ ಸಿವಿಲ್ ಮತ್ತು ಯಂತ್ರ ಜೋಡಣೆಯ ಕೆಲಸಕ್ಕೆ ಹತ್ತು ಕೆಲಸದ ದಿನಗಳನ್ನು ನಾನು ಶಿಫಾರಸು ಮಾಡುತ್ತೇನೆ. ಆ ಹತ್ತು ದಿನದೊಳಗೆ ಬರುವ ಯಾವ ಬದಲಾವಣೆಯನ್ನೂ ತಿರಸ್ಕರಿಸಬೇಡಿ, ಕೂಡಲೇ ಜಾರಿ ಮಾಡಲೂ ಬೇಡಿ. ಒಂದು ನೋಟ್‌ಬುಕ್ಕಿನಲ್ಲಿ ಯಾರು ಕೇಳಿದರು, ಏಕೆ, ಕಾದರೆ ಏನು ನಷ್ಟ ಎಂದು ಬರೆಯಿಸಿ. ಹನ್ನೊಂದನೆಯ ದಿನ ಅಷ್ಟನ್ನೂ ಒಟ್ಟಿಗೆ ತೆಗೆದು ನೋಡಿ. ಕೇಳಿದವರೇ ಮರೆತುಬಿಟ್ಟ ಬೇಡಿಕೆಗಳು ಅದರಲ್ಲಿ ಸಾಕಷ್ಟು ಸಿಗುತ್ತವೆ. ಹತ್ತು ದಿನ ತಾಳಲಾರದ ವಿಷಯವೂ ಒಮ್ಮೊಮ್ಮೆ ಬರುತ್ತದೆ, ಆಗ ಬಾಗಿಲು ತೆರೆಯುವ ಅಧಿಕಾರ ಒಬ್ಬರಿಗೇ ಇರಲಿ, ಅವರು ಸಹಿ ಹಾಕಿ ತೆರೆಯಲಿ.

ಕೋಡಿಯ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು, ಏಕೆಂದರೆ ದೊಡ್ಡ ಸಂಸ್ಥೆಗಳು ಎಡವುವುದು ಇಲ್ಲೇ. ಪ್ರತಿ ಪ್ಲಾನಿನ ಅಡಿಯಲ್ಲೂ ಕೆಲವು ನಂಬಿಕೆಗಳು ಹುದುಗಿರುತ್ತವೆ. ಹೊರದೇಶದ ಯಂತ್ರ ಇಂಥ ತಿಂಗಳು ಬಂದರಿಗೆ ಬರುತ್ತದೆ. ಟ್ರಾನ್ಸ್‌ಫಾರ್ಮರ್‌ಗೆ ಮಂಜೂರಾತಿ ಇಷ್ಟರೊಳಗೆ ಸಿಗುತ್ತದೆ. ಐಟಿಐ ಮುಗಿಸಿದ ನಲವತ್ತು ಹುಡುಗ ಹುಡುಗಿಯರು ಇಷ್ಟು ಸಂಬಳಕ್ಕೆ ಸಿಗುತ್ತಾರೆ. ಇವನ್ನು ಎಂಟು ಹತ್ತು ಸಾಲಿನಲ್ಲಿ ಬರೆಯಿರಿ. ಪ್ರತಿ ಸಾಲಿನ ಮುಂದೆ ಒಂದು ಮಟ್ಟ, ಒಂದು ದಿನಾಂಕ, ಒಂದು ಕ್ರಮ, ಒಂದು ಹೆಸರು. 'ಸೆಪ್ಟೆಂಬರ್ 15ರೊಳಗೆ ಇಪ್ಪತ್ತೈದು ಮಂದಿ ಸೇರದಿದ್ದರೆ ಎರಡನೆಯ ಪಾಳಿ ಒಂದು ತಿಂಗಳು ಮುಂದಕ್ಕೆ, ನಿರ್ಧಾರ ತರಬೇತಿ ಮುಖ್ಯಸ್ಥರದು.' ಇಷ್ಟು ಬರೆದಿದ್ದರೆ ಸೆಪ್ಟೆಂಬರ್ 16ರಂದು ಯಾರೂ ಯಾರನ್ನೂ ದೂಷಿಸಬೇಕಾಗಿಲ್ಲ. ಪ್ಲಾನ್ ಬದಲಾಗುತ್ತದೆ, ಆದರೆ ಬದಲಾವಣೆಯೂ ಪ್ಲಾನಿನ ಒಳಗೇ ಇರುತ್ತದೆ. ಜನರಿಗೆ ಬೇಕಾದದ್ದು ಇದೇ. ಮುನ್ಸೂಚನೆ ಇದ್ದ ಬದಲಾವಣೆಯನ್ನು ಅವರು ಹೊರುತ್ತಾರೆ, ತಲೆಯ ಮೇಲೆ ತಟ್ಟನೆ ಬಿದ್ದದ್ದು ಅವರನ್ನು ಬಗ್ಗಿಸುತ್ತದೆ.

ಕೋಡಿ ಇಲ್ಲದೆ ಹೋದರೆ ಏನಾಗುತ್ತದೆ ಎಂಬುದಕ್ಕೆ ತುಮಕೂರಿನವರು ದೂರ ಹೋಗಬೇಕಾಗಿಲ್ಲ. ಎಚ್‌ಎಂಟಿ 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ಜೊತೆ ಸೇರಿ ಕೈಗಡಿಯಾರ ತಯಾರಿಕೆ ಶುರು ಮಾಡಿತು, 1978ರಲ್ಲಿ ನಮ್ಮ ಊರಿಗೆ ಅದರ ಗಡಿಯಾರ ಕಾರ್ಖಾನೆ ಬಂತು. ಮದುವೆಗೆ, ಪರೀಕ್ಷೆ ಪಾಸಾದದ್ದಕ್ಕೆ, ನಿವೃತ್ತಿಗೆ ಎಚ್‌ಎಂಟಿಯೇ ಉಡುಗೊರೆ. ಬ್ಯಾಟರಿಯಿಂದ ನಡೆಯುವ ಕ್ವಾರ್ಟ್ಜ್ ಗಡಿಯಾರ ಬರುತ್ತದೆ ಎಂಬುದು ಅವರಿಗೆ ತಿಳಿಯದ ಸಂಗತಿ ಆಗಿರಲಿಲ್ಲ. 1980ರ ದಶಕದ ಆರಂಭದಲ್ಲೇ ತಾವೂ ಅದನ್ನು ಮಾಡಿದ್ದರು. ಆದರೆ ಸಂಸ್ಥೆಯ ಭಾರವೆಲ್ಲ ಕೀಲಿ ಕೊಡುವ ಗಡಿಯಾರದ ಕಡೆಗೇ ಇತ್ತು. 1984ರಲ್ಲಿ ಹುಟ್ಟಿದ ಟೈಟಾನ್ ಕ್ವಾರ್ಟ್ಜ್ ಮೇಲೇ ಪೂರ್ತಿ ನಿಂತಿತು. 2016ರ ಜನವರಿಯಲ್ಲಿ ಕೇಂದ್ರ ಸಂಪುಟ ಎಚ್‌ಎಂಟಿ ವಾಚಸ್ ಮುಚ್ಚಲು ಒಪ್ಪಿಗೆ ಕೊಟ್ಟಿತು, ಇಲ್ಲಿನ ಕಾರ್ಖಾನೆಯ ಜಾಗ ಇಸ್ರೋಗೆ ಹೋಯಿತು. ಕಾರಣಗಳು ಹಲವು, ಸರ್ಕಾರಿ ಉದ್ಯಮದ ಕಟ್ಟುಪಾಡುಗಳೂ ಅದರಲ್ಲಿವೆ. ನನ್ನ ಅಭಿಪ್ರಾಯದಲ್ಲಿ ಅಲ್ಲಿ ಕೊರತೆ ಇದ್ದದ್ದು ಜಾಣತನದ್ದಲ್ಲ, ಕೌಶಲದ್ದಂತೂ ಅಲ್ಲವೇ ಅಲ್ಲ. 'ಮಾರಾಟದಲ್ಲಿ ಕ್ವಾರ್ಟ್ಜ್ ಪಾಲು ಇಷ್ಟು ಮುಟ್ಟಿದ ದಿನ ಇಷ್ಟು ಲೈನ್ ಬದಲಾಯಿಸುತ್ತೇವೆ' ಎಂದು ಕಲ್ಲಿನಲ್ಲಿ ಕಟ್ಟಿದ ಒಂದು ಮಟ್ಟ ಇರಬೇಕಿತ್ತು. ಆ ಕಾರ್ಖಾನೆಯ ಜನರ ಬೆರಳುಗಳಲ್ಲಿ ಇದ್ದ ಕಲೆ ಹೋದದ್ದು ಇಂದಿಗೂ ನನಗೆ ನೋವಿನ ವಿಷಯ.

ಇನ್ನೊಂದು ಬದಿಯ ಉದಾಹರಣೆಯೂ ನಮ್ಮ ಜಿಲ್ಲೆಯಲ್ಲೇ ಇದೆ. ಪಾವಗಡದ ಸೋಲಾರ್ ಪಾರ್ಕ್ 2,050 ಮೆಗಾವಾಟಿನದು, ತಿರುಮಣಿ ಸೇರಿದಂತೆ ಐದು ಹಳ್ಳಿಗಳ ಸುಮಾರು 13,000 ಎಕರೆಯಲ್ಲಿ ಹರಡಿದೆ. ಅಷ್ಟು ಭೂಮಿಯನ್ನು ಕೊಂಡುಕೊಳ್ಳಲು ಹೊರಟಿದ್ದರೆ ಪ್ರಾಜೆಕ್ಟ್ ಭೂಸ್ವಾಧೀನದಲ್ಲೇ ವರ್ಷಗಟ್ಟಲೆ ಸಿಕ್ಕಿಕೊಳ್ಳುತ್ತಿತ್ತು. ಭೂಮಿ ರೈತರ ಹೆಸರಿನಲ್ಲೇ ಉಳಿಯಿತು, ಎಕರೆಗೆ ವರ್ಷಕ್ಕೆ 21,000 ರೂಪಾಯಿ ಬಾಡಿಗೆ, ಎರಡು ವರ್ಷಕ್ಕೊಮ್ಮೆ ಶೇಕಡಾ 5 ಏರಿಕೆ ಎಂದಾಯಿತು. ಏರಿಕೆಯ ಲೆಕ್ಕ ಮೊದಲ ದಿನವೇ ಕರಾರಿನಲ್ಲಿದ್ದದ್ದನ್ನು ಗಮನಿಸಿ, ಅದೂ ಒಂದು ಕೋಡಿಯೇ. ಪಾರ್ಕನ್ನು ಒಂದೇ ಏಟಿಗೆ ಕಟ್ಟಲಿಲ್ಲ, ತುಂಡು ತುಂಡಾಗಿ ಬೇರೆ ಬೇರೆ ಕಂಪನಿಗಳಿಗೆ ಬೇರೆ ಬೇರೆ ಸಮಯದಲ್ಲಿ ಹಂಚಿದರು. 2018ರ ಮಾರ್ಚ್‌ನಲ್ಲಿ ಮೊದಲ 600 ಮೆಗಾವಾಟ್, 2019ರ ಕೊನೆಗೆ ಪೂರ್ತಿ. ಆ ನಡುವೆ ಸೌರ ವಿದ್ಯುತ್ತಿನ ದರ ದೇಶದಲ್ಲೆಲ್ಲ ಬಹಳ ಇಳಿಯಿತು. ತಡವಾಗಿ ಟೆಂಡರ್ ಕರೆದ ತುಂಡುಗಳಿಗೆ ಅದರ ಲಾಭ ಸಿಕ್ಕಿತು. ಎಲ್ಲವನ್ನೂ ಒಂದೇ ದಿನ ಕರೆದಿದ್ದರೆ ಅಷ್ಟೂ ಹಳೆಯ ದರಕ್ಕೇ ಕಟ್ಟಿಬೀಳುತ್ತಿತ್ತು.

ಪಾವಗಡವನ್ನು ಬರೀ ಹೊಗಳಿ ಮುಂದೆ ಹೋಗಲು ಮನಸ್ಸು ಒಪ್ಪುವುದಿಲ್ಲ. ಭೂಮಿ ಇದ್ದವರಿಗೆ ಬಾಡಿಗೆ ಬಂತು, ಭೂಮಿ ಇಲ್ಲದ ಕೂಲಿಯವರಿಗೆ ಹೊಲದ ಕೆಲಸ ಹೋಯಿತು, ಕುರಿ ಮೇಯಿಸುವವರಿಗೆ ಬಯಲು ಹೋಯಿತು. ಎಕರೆ, ಮೆಗಾವಾಟ್, ದರ, ಮೂರನ್ನೂ ಲೆಕ್ಕ ಇಟ್ಟರು. ಕೂಲಿಯ ದಿನಗಳ ಲೆಕ್ಕಕ್ಕೆ ಆ ತೂಕ ಸಿಗಲಿಲ್ಲ. ಅಳೆಯದೆ ಬಿಟ್ಟದ್ದಕ್ಕೆ ಯಾವ ಪ್ರಾಜೆಕ್ಟೂ ಹೊಂದಿಕೊಳ್ಳುವುದಿಲ್ಲ. ನಿಮ್ಮಲ್ಲಿ ಗುತ್ತಿಗೆಯವರೇ ಹೆಚ್ಚು ಎಂದಿದ್ದೀರಿ. ವಾರದ ವರದಿಯಲ್ಲಿ ಅವರ ಬಗ್ಗೆ ತಲೆ ಎಣಿಕೆ ಬಿಟ್ಟು ಬೇರೇನಾದರೂ ಇದೆಯೇ ನೋಡಿ. ಒಂದು ವಾರದ ಕೆಲಸ ಬದಲಾದರೆ ಅವರ ಎಷ್ಟು ದಿನದ ಕೂಲಿ ಹೋಗುತ್ತದೆ ಎಂಬುದು ಆ ಹಾಳೆಯಲ್ಲಿ ಕಾಣಬೇಕು.

ಬಜೆಟ್ ವಿಷಯ ಬೇಗ ಮುಗಿಸುತ್ತೇನೆ. ಏಪ್ರಿಲ್ ಬಜೆಟ್ ತೆಗೆದುಹಾಕಿ ಎಂದು ಮುಖ್ಯ ಕಚೇರಿಗೆ ಹೇಳಿದರೆ ಒಪ್ಪುವುದಿಲ್ಲ, ಒಪ್ಪಬೇಕಾಗಿಯೂ ಇಲ್ಲ, ಒಟ್ಟು ಮೊತ್ತ ಅವರ ಏರಿ. ನೀವು ಕೇಳಬೇಕಾದದ್ದು ಎರಡು. ಒಟ್ಟು ಮೊತ್ತ ಮೀರದಂತೆ ಖರ್ಚಿನ ಒಂದು ತಲೆಬರಹದಿಂದ ಇನ್ನೊಂದಕ್ಕೆ ಶೇಕಡಾ 10ರವರೆಗೆ ನೀವೇ ಸರಿಸುವ ಅಧಿಕಾರ. ಮತ್ತು ಪೂರ್ತಿ ಹಣವನ್ನು ಒಮ್ಮೆಲೇ ಕೊಡುವ ಬದಲು ಹಂತ ಮುಗಿದಂತೆ ಬಿಡುಗಡೆ, ಪ್ರತಿ ಹಂತದಲ್ಲೂ ಉಳಿದ ಕೆಲಸದ ಅಂದಾಜನ್ನು ಹೊಸದಾಗಿ ಬರೆಯುವ ಅವಕಾಶ. ಎರಡನೆಯದರಲ್ಲಿ ಅವರಿಗೂ ಹಿಡಿತ ಹೆಚ್ಚುತ್ತದೆ, ಆದ್ದರಿಂದ ಒಪ್ಪುವ ಸಾಧ್ಯತೆ ಹೆಚ್ಚು.

ಜನರ ವಿಷಯಕ್ಕೆ ಬರುತ್ತೇನೆ. ಇಲ್ಲಿ ನನ್ನದೊಂದು ಸೋಲನ್ನು ಹೇಳಲೇಬೇಕು. ಬಹಳ ವರ್ಷಗಳ ಹಿಂದೆ ದೊಡ್ಡ ಕಂಪನಿಯೊಂದರ ಮೂರು ಘಟಕಗಳಿಗೆ ಹೊಸ ಕಂಪ್ಯೂಟರ್ ವ್ಯವಸ್ಥೆ ತರುವ ಜವಾಬ್ದಾರಿ ನನ್ನದಾಗಿತ್ತು. ಪ್ರತಿ ಸೋಮವಾರ ನನ್ನ ಮೇಜಿಗೆ ವರದಿ ಬರುತ್ತಿತ್ತು, ಪ್ರತಿ ಸಾಲಿನ ಎದುರೂ ಹಸಿರು ಬಣ್ಣ. ಉಗ್ರಾಣದ ಒಬ್ಬ ಗುಮಾಸ್ತರಿಗೆ ಬಿಡಿಭಾಗಗಳ ಪಟ್ಟಿಯಲ್ಲಿ ಅಳತೆಯ ಮಾನವೇ ತಪ್ಪಾಗಿ ಸೇರಿದೆ ಎಂದು ಗೊತ್ತಿತ್ತು. ಅವರು ತಮ್ಮ ಮೇಲ್ವಿಚಾರಕರಿಗೆ ಹೇಳಿದ್ದರು. ಮೇಲ್ವಿಚಾರಕರು 'ಗಮನಿಸಬೇಕಾದ ಅಂಶ' ಎಂದು ಬರೆದರು, ಅವರ ಮೇಲಿನವರು ಆ ಸಾಲನ್ನೇ ಬಿಟ್ಟರು. ನನ್ನ ಕಿವಿಗೆ ಅದು ಬಿದ್ದದ್ದು ಹನ್ನೊಂದು ವಾರದ ನಂತರ, ಹೊಸ ವ್ಯವಸ್ಥೆ ಶುರುವಾಗಿ ಲಾರಿಗಳು ಗೇಟಿನಲ್ಲಿ ಸಾಲುಗಟ್ಟಿ ನಿಂತ ಮೇಲೆ. ಒಂಬತ್ತು ದಿನ ಸಾಗಣೆ ನಿಂತಿತು. ಆ ಗುಮಾಸ್ತರ ಬಳಿ ಹೋಗಿ ಕ್ಷಮೆ ಕೇಳಿದೆ. 'ನೀವು ಈ ಕಡೆ ಬಂದಿದ್ದರೆ ಹೇಳ್ತಿದ್ದೆ ಸಾರ್' ಎಂದರು. ಮೂರು ತಿಂಗಳಲ್ಲಿ ಒಂದು ಸಲವೂ ನಾನು ಉಗ್ರಾಣದ ಕಡೆ ಕಾಲಿಟ್ಟಿರಲಿಲ್ಲ. ನೀರು ನೋಡುವವರು ಇದ್ದರು, ನಾನು ಅವರಿಗೆ ತೂಬು ಕೊಟ್ಟಿರಲಿಲ್ಲ.

ಹಾರ್ವರ್ಡ್‌ನ ಎಮಿ ಎಡ್ಮಂಡ್‌ಸನ್ 1990ರ ದಶಕದಲ್ಲಿ ಆಸ್ಪತ್ರೆಯ ತಂಡಗಳನ್ನು ಅಧ್ಯಯನ ಮಾಡಿದಾಗ ಒಳ್ಳೆಯ ತಂಡಗಳಲ್ಲಿ ತಪ್ಪು ಕಡಿಮೆ ಇರುತ್ತದೆ ಎಂದುಕೊಂಡಿದ್ದರು. ಅಂಕಿಅಂಶ ಉಲ್ಟಾ ಬಂತು, ಒಳ್ಳೆಯ ತಂಡಗಳಲ್ಲೇ ಹೆಚ್ಚು ತಪ್ಪು ದಾಖಲಾಗಿತ್ತು. ಆಮೇಲೆ ಕಂಡದ್ದು, ಆ ತಂಡಗಳು ಹೆಚ್ಚು ತಪ್ಪು ಮಾಡುತ್ತಿರಲಿಲ್ಲ, ಮಾಡಿದ್ದನ್ನು ಹೆದರದೆ ಹೇಳುತ್ತಿದ್ದವು. ಟೊಯೋಟಾದ ಲೈನಿನಲ್ಲಿ ದೋಷ ಕಂಡ ಯಾವ ಕೆಲಸಗಾರನಾದರೂ ಹಗ್ಗ ಎಳೆದು ಸಹಾಯ ಕರೆಯಬಹುದು, ಬೇಕಾದರೆ ಲೈನ್ ನಿಲ್ಲುತ್ತದೆ. ಹಗ್ಗ ಕಟ್ಟುವುದು ಸುಲಭ. ಎಳೆದವನ ಬಳಿಗೆ ಬರುವ ಮೊದಲ ಮಾತು ಏನು ಎಂಬುದರ ಮೇಲೆ ಎರಡನೆಯ ಸಲ ಅದನ್ನು ಯಾರಾದರೂ ಎಳೆಯುತ್ತಾರೋ ಇಲ್ಲವೋ ನಿಂತಿದೆ. ನಿಮ್ಮ ಫೋರ್‌ಮನ್‌ಗಳ ಜೊತೆ ಕೂತು ಆ ಮೊದಲ ಮಾತನ್ನು ಅಭ್ಯಾಸ ಮಾಡಿಸಿ. 'ಯಾರು ಮಾಡಿದ್ದು' ಎಂಬುದರ ಜಾಗಕ್ಕೆ 'ಏನು ಕಂಡಿತು' ಬರಲಿ. ವಾರಕ್ಕೆ ಅರ್ಧ ದಿನ ನೀವೂ ಹೆಲ್ಮೆಟ್ ಹಾಕಿಕೊಂಡು ಲೈನಿನಲ್ಲಿ ನಿಲ್ಲಿ, ಲ್ಯಾಪ್‌ಟಾಪ್ ಕಚೇರಿಯಲ್ಲೇ ಇರಲಿ.

ಮೌಲ್ಯಮಾಪನದಲ್ಲಿ ಒಂದು ದೊಡ್ಡ ಅನ್ಯಾಯ ನಡೆಯುತ್ತದೆ. ಏಪ್ರಿಲ್‌ನಲ್ಲಿ ಒಬ್ಬ ಎಂಜಿನಿಯರ್‌ಗೆ ಗುರಿ ಬರೆಯುತ್ತೀರಿ, ಜುಲೈನಲ್ಲಿ ಪ್ಲಾನ್ ಬದಲಾಗುತ್ತದೆ, ಮಾರ್ಚ್‌ನಲ್ಲಿ ಇಲ್ಲವಾದ ಗುರಿಯ ಮೇಲೆ ಅವರಿಗೆ ಅಂಕ ಬೀಳುತ್ತದೆ. ಪ್ಲಾನ್ ತಿದ್ದಿದ ದಿನವೇ ಆ ವ್ಯಕ್ತಿಯ ಗುರಿಯನ್ನೂ ತಿದ್ದಿ ಇಬ್ಬರೂ ಸಹಿ ಹಾಕಿ. ಒಂದು ಮಿಂಚಂಚೆ ಸಾಕು. ಇದಕ್ಕೆ ಯಾರ ಅನುಮತಿಯೂ ಬೇಡ, ಈ ವಾರವೇ ಶುರು ಮಾಡಬಹುದು.

ಹಾಜರಾತಿಗೂ ಇದೇ ದೃಷ್ಟಿ ಬೇಕು. ಶಿವರಾತ್ರಿಗೆ ಸಿದ್ಧಗಂಗೆ ಜಾತ್ರೆ, ವರ್ಷದ ಕೊನೆಗೆ ರಾಗಿ ಕೊಯ್ಲು, ಊರ ಹಬ್ಬಗಳು. ನಿಮ್ಮ 140 ಜನರಲ್ಲಿ ಕೋರ, ಶಿರಾ, ಮಧುಗಿರಿ ಕಡೆಯವರು ಎಷ್ಟು, ಹೊಲ ಇರುವವರು ಎಷ್ಟು ಎಂದು ಕೇಳಿ ಬರೆದುಕೊಂಡರೆ ಯಾವ ವಾರ ಎಷ್ಟು ಜನ ಬರುವುದಿಲ್ಲ ಎಂಬುದು ಮೂರು ತಿಂಗಳ ಮುಂಚೆಯೇ ಗೊತ್ತಾಗುತ್ತದೆ. ಪ್ರತಿ ವರ್ಷ ಬರುವ ಕೊಯ್ಲನ್ನು ಪ್ರತಿ ವರ್ಷ 'ಅನಿರೀಕ್ಷಿತ ಗೈರು' ಎಂದು ವರದಿಯಲ್ಲಿ ಬರೆಯುವುದು ನಮ್ಮ ಜನರನ್ನು ನಾವು ನೋಡಿಯೇ ಇಲ್ಲ ಎಂದು ಒಪ್ಪಿಕೊಂಡಂತೆ.

ನಮ್ಮ ಹೊಲಗಳಲ್ಲಿ ರಾಗಿಯ ನಡುವೆ ಅವರೆ, ತೊಗರಿ, ಹುಚ್ಚೆಳ್ಳಿನ ಅಕ್ಕಡಿ ಸಾಲು ಬಿಡುತ್ತಾರೆ. ಒಂದಕ್ಕೆ ಮಳೆ ಕೈಕೊಟ್ಟರೆ ಇನ್ನೊಂದು ನಿಲ್ಲುತ್ತದೆ. ಕೌಶಲಕ್ಕೂ ಅದೇ ಸಾಲು ಬೇಕು. ಒಂದು ಹಾಳೆಯಲ್ಲಿ ಎಡಕ್ಕೆ ಜನರ ಹೆಸರು, ಮೇಲೆ ಕೆಲಸಗಳ ಹೆಸರು ಬರೆದು, ಯಾರು ಕಲಿಯುತ್ತಿದ್ದಾರೆ, ಯಾರು ಒಬ್ಬರೇ ಮಾಡಬಲ್ಲರು, ಯಾರು ಇನ್ನೊಬ್ಬರಿಗೆ ಕಲಿಸಬಲ್ಲರು ಎಂದು ಗುರುತು ಹಾಕಿ. ಒಬ್ಬರೇ ಬಲ್ಲ ಕೆಲಸ ಎಲ್ಲಿದೆಯೋ ಅಲ್ಲೇ ನಿಮ್ಮ ಪ್ರಾಜೆಕ್ಟ್ ನಿಲ್ಲುವುದು.

ಈ ಹಾಳೆ ನಿಮಗೆ ಇವತ್ತೇ ಬೇಕು, ಆ ಇಬ್ಬರು ಟೆಕ್ನಿಷಿಯನ್‌ಗಳ ಕಾರಣಕ್ಕೆ. ಅವರನ್ನು ಉಳಿಸಿಕೊಳ್ಳಲು ಮೊದಲು ಪ್ರಯತ್ನಿಸಿ. ಸಂಬಳದ ಮಾತಿಗೆ ಮುಂಚೆ ಒಡೆದ ಅಡಿಪಾಯದ ಮಾತು ಎತ್ತಿ. ಏನಾಯಿತು, ಏಕಾಯಿತು, ಇನ್ನು ಮುಂದೆ ಹತ್ತು ದಿನದ ಕೆಲಸ ಬದಲಾಗುವುದಿಲ್ಲ ಎಂದು ನೀವೇ ಬಾಯಿಬಿಟ್ಟು ಹೇಳಿ. ಆಮೇಲೂ ಹೋಗುವುದಾದರೆ ಗೌರವದಿಂದ ಕಳಿಸಿ. ಉಳಿದ ಏಳು ವಾರದಲ್ಲಿ ಅವರಿಂದ ಹೊಸ ಕೆಲಸ ಮಾಡಿಸಬೇಡಿ. ಒಬ್ಬೊಬ್ಬರ ಜೊತೆ ಇಬ್ಬಿಬ್ಬರು ಕಿರಿಯರನ್ನು ಹಾಕಿ. ಮೊದಲ ಎರಡು ವಾರ ಹಿರಿಯರು ಮಾಡಲಿ, ಕಿರಿಯರು ನೋಡಿ ಬರೆಯಲಿ. ಮೂರನೆಯ ವಾರದಿಂದ ಕಿರಿಯರು ಮಾಡಲಿ, ಹಿರಿಯರು ಪಕ್ಕದಲ್ಲಿ ಕೈಕಟ್ಟಿ ನಿಲ್ಲಲಿ. ಕೊನೆಯ ವಾರ ಹಿರಿಯರು ಲೈನಿಗೆ ಬರಬಾರದು, ಫೋನಿನಲ್ಲಿ ಮಾತ್ರ ಸಿಗಬೇಕು. ಆ ವಾರ ಕಿರಿಯರು ಎಷ್ಟು ಸಲ ಫೋನ್ ಮಾಡಿದರು, ಯಾವ ಪ್ರಶ್ನೆಗೆ ಮಾಡಿದರು ಎಂದು ಬರೆದಿಡಿ. ಬರೆಯದೆ ಉಳಿದದ್ದು ಏನು ಎಂಬುದು ಆ ಪಟ್ಟಿಯಲ್ಲೇ ಸಿಗುತ್ತದೆ, ಮತ್ತು ಉತ್ತರ ಕೇಳಲು ಆ ಇಬ್ಬರೂ ಆಗಿನ್ನೂ ನಿಮ್ಮ ಜೊತೆ ಇರುತ್ತಾರೆ.